ಹಳೇ ಮೋಟರ್‌ಹೋಮ್‌ಗೆ ರೇಡಿಯೋ, ಆಂಟೆನಾ ಕೂರಿಸೋದು ಹೇಗೆ

ಅಮೆರಿಕದಲ್ಲಿ ಹಳೇ ಮೋಟರ್‌ಹೋಮ್ (ಒಳಗೇ ವಾಸ ಮಾಡೋ ವಾಹನ) ತಗೊಂಡೋರು ಮೊದ್ಲು ರೂಫ್ ಮೇಲೆ ಒಂದು ಮ್ಯಾಗ್ನೆಟ್ ಇಟ್ಟು ನೋಡಿ, ಬಹಳಷ್ಟು ಸಲ ಅಂಟ್ಕೊಳಲ್ಲ, ಫೈಬರ್‌ಗ್ಲಾಸೋ ರಬ್ಬರೋ ಇರುತ್ತೆ, ಹಾಗಾಗಿ ಕಾರಿಗೆ ಹಾಕೋ ಮ್ಯಾಗ್ನೆಟ್ ಆಂಟೆನಾ ಇಲ್ಲಿ ನಡಿಯಲ್ಲ.

2 ಮೀಟರ್ ಹ್ಯಾಮ್ (ಹವ್ಯಾಸಿ ರೇಡಿಯೋ) ಬ್ಯಾಂಡಿನ ಕ್ವಾರ್ಟರ್ ವೇವ್ ಆಂಟೆನಾ, ಅಂದ್ರೆ ತರಂಗದ ಕಾಲು ಭಾಗ ಉದ್ದದ್ದು ಆದ್ರೆ ಬುಡದಿಂದ ಸುತ್ತ 19 ಇಂಚು ಹರಡೋ ಹಾಗೆ ಅಲ್ಯೂಮಿನಿಯಂ ಶೀಟ್ ಹಾಕಿ, ಇದೇ ಆಂಟೆನಾಗೆ ಬೇಕಾದ ಲೋಹದ ತಳ, ಅಂದ್ರೆ ಗ್ರೌಂಡ್ ಪ್ಲೇನ್, ಮೌಂಟಿನ ಲೋಹ ಅದಕ್ಕೆ ಸರಿಯಾಗಿ ತಾಗಿರ್ಬೇಕು, ಮಧ್ಯೆ ಪೇಂಟ್ ಇದ್ರೆ ಕೆರೆದು ತೆಗೀರಿ. ಸಿಬಿಗೆ (ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರ ರೇಡಿಯೋ) ಇಷ್ಟು ಶೀಟ್ ಸಾಲಲ್ಲ, ಗ್ರೌಂಡ್ ಪ್ಲೇನ್ ಬೇಡದ ಕಿಟ್ಟೇ ಸಿಗುತ್ತೆ, ಅದರ ಜೊತೆ ಬಂದ ಕೇಬಲ್ ಮಾತ್ರ ಕತ್ತರಿಸ್ಬೇಡಿ.

ರೂಫಿಗೆ ತೂತು ಹಾಕೋಕೆ ಮನಸ್ಸಿಲ್ವಾ? ಫ್ರಿಜ್ ವೆಂಟಿಂದ ಕೇಬಲ್ ಇಳಿಸಿ, ಆದ್ರೆ ಗ್ಯಾಸ್ ಫ್ರಿಜ್ಜಿನ ಹೊಗೆ ಪೈಪು ಸಿಕ್ಕಾಪಟ್ಟೆ ಬಿಸಿ, ದೂರ ಕಟ್ಟಿ.

ಸಿಗರೇಟ್ ಸಾಕೆಟ್ಟಿಂದ ಪವರ್ ಬೇಡ್ವೇ ಬೇಡ. 50 ವ್ಯಾಟ್ ರೇಡಿಯೋ ಮಾತಾಡುವಾಗ 10 ಆಂಪಿಯರ್ ಮೇಲೇ ಎಳೆಯುತ್ತೆ, ಹಳೇ ವೈರಿಂಗ್ ಪಾಪ ಏನ್ ಮಾಡುತ್ತೆ! ಹೌಸ್ ಬ್ಯಾಟರಿಯಿಂದ (ಇಂಜಿನ್ನಿನದ್ದಲ್ಲ, ವಾಸದ ಭಾಗಕ್ಕಿರೋ ಬ್ಯಾಟರಿ) ನೇರ ದಪ್ಪ ವೈರ್ ಎಳೀರಿ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರ್ಲಿ.

ಕೊನೆಗೆ ಮೀಟರ್ ಹಾಕಿ ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೋಗೆ ಎಷ್ಟು ಹೊಂದ್ಕೊಂಡಿದೆ ಅನ್ನೋ ಅಳತೆ) ನೋಡಿ, 2ಕ್ಕಿಂತ ಕಮ್ಮಿ ಬರೋವರೆಗೂ ಜಾಸ್ತಿ ಹೊತ್ತು ಮಾತಾಡ್ಬೇಡಿ. ಸಿಬಿಗೆ ಲೈಸೆನ್ಸ್ ಬೇಡ, ಹ್ಯಾಮಿಗೆ ಪರೀಕ್ಷೆ ಪಾಸ್ ಮಾಡ್ಲೇಬೇಕು.