ಬಿಎಸ್ಸಿಯನ್ನು ನಾನು ಓದಿದ ಬಗೆ

ಹಾಸನ ಜಿಲ್ಲೆಯ ಸರ್ಕಾರಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು, ಅಂದರೆ ಎಲ್ಲರೂ ಸಿಬಿಝಡ್ ಎಂದು ಕರೆಯುವ ಜೋಡಣೆಯನ್ನು ಓದಿ, ಅನಂತರ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರದ ಎಂಎಸ್ಸಿ ಮುಗಿಸಿದವನು ನಾನು. ಈಗ ಅದೇ ವಿಷಯವನ್ನು ಪದವಿ ತರಗತಿಗಳಿಗೆ ಪಾಠ ಮಾಡುತ್ತಿರುವಾಗ, ‘ಇಷ್ಟೊಂದನ್ನು ಹೇಗೆ ನೆನಪಿಟ್ಟುಕೊಳ್ಳುವುದು ಸರ್?’ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ನಾನು ಅನುಸರಿಸಿದ ಕ್ರಮ ಸರಳವಾದದ್ದು: ಪ್ರಾಯೋಗಿಕ ತರಗತಿಯನ್ನು ಪಾಠದ ಬಾಲವೆಂದು ಎಣಿಸದೆ, ಓದು ಅಲ್ಲಿಂದಲೇ ಶುರುವಾಗುವಂತೆ ನೋಡಿಕೊಂಡೆ.

ದೇವಸ್ಥಾನದ ಅಂಗಳಗಳಲ್ಲಿ ಬೆಳೆಯುವ ಕಣಗಿಲೆಯನ್ನೇ ತೆಗೆದುಕೊಳ್ಳಿ. ಕ್ಯಾರೆಟ್ ತುಂಡನ್ನು ನಡುವೆ ಸೀಳಿ, ಎಲೆಯ ಚೂರನ್ನು ಅದರೊಳಗೆ ಸಿಕ್ಕಿಸಿ, ಒದ್ದೆ ಮಾಡಿದ ಬ್ಲೇಡನ್ನು ಒಂದೇ ದಿಕ್ಕಿನಲ್ಲಿ ಎಳೆಯುತ್ತ ಹೋದರೆ ವಾಚ್ ಗ್ಲಾಸಿನ ನೀರಿಗೆ ತೆಳುವಾದ ಪದರಗಳು ಬೀಳುತ್ತವೆ. ಅವುಗಳಲ್ಲಿ ತೀರ ತೆಳುವಾದದ್ದನ್ನು ಬ್ರಷ್ಷಿನ ತುದಿಯಿಂದ ಎತ್ತಿ, ಸಫ್ರಾನಿನ್ ಎಂಬ ಕೆಂಪು ಬಣ್ಣ ಹಾಕಿ, ಹೆಚ್ಚಾದ ಬಣ್ಣವನ್ನು ತೊಳೆದು, ಗ್ಲಿಸರಿನ್ ಹನಿಯಲ್ಲಿಟ್ಟು ಕವರ್ ಸ್ಲಿಪ್ ಮುಚ್ಚಬೇಕು. ಸೂಕ್ಷ್ಮದರ್ಶಕದಡಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಕೂಡಿದ ಕ್ಸೈಲಂ, ಅಂದರೆ ನೀರು ಸಾಗಿಸುವ ಅಂಗಾಂಶ, ಕೆಂಪಗೆ ಎದ್ದು ಕಾಣುತ್ತದೆ. ಹೊರಚರ್ಮವು ಒಂದೇ ಪದರದ್ದಾಗಿರದೆ ಹಲವು ಪದರಗಳದ್ದಾಗಿರುತ್ತದೆ. ಎಲೆಯ ಕೆಳಭಾಗದಲ್ಲಿ ಪತ್ರರಂಧ್ರಗಳು ರೋಮ ತುಂಬಿದ ಕುಳಿಗಳೊಳಗೆ ಅಡಗಿರುತ್ತವೆ. ಇಷ್ಟನ್ನು ಕಂಡು, ಕಂಡಷ್ಟನ್ನೇ ಪೆನ್ಸಿಲಿನಲ್ಲಿ ಬರೆದ ಮೇಲೆ ನಾನು ಪುಸ್ತಕ ತೆರೆಯುತ್ತಿದ್ದೆ. ಕುಳಿಯೊಳಗೆ ತೇವಭರಿತ ಗಾಳಿ ನಿಲ್ಲುವುದರಿಂದ ಎಲೆಯಿಂದ ಆವಿಯಾಗಿ ಹೋಗುವ ನೀರು ಕಡಿಮೆಯಾಗುತ್ತದೆ ಎಂಬ ವಿವರಣೆ ಆಗ ನನ್ನದೇ ಪ್ರಶ್ನೆಗೆ ಸಿಕ್ಕ ಉತ್ತರವಾಗುತ್ತಿತ್ತು. ಅದನ್ನು ಉರು ಹೊಡೆಯುವ ಅಗತ್ಯ ಬೀಳುತ್ತಿರಲಿಲ್ಲ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಚಿತ್ರ ಬರೆಯುವ ರೂಢಿ ನಮ್ಮ ಕಾಲೇಜುಗಳಲ್ಲಿ ಬಲವಾಗಿ ಬೇರೂರಿದೆ. ವಿಜ್ಞಾನದ ವಿದ್ಯಾರ್ಥಿಗೆ ಅದಕ್ಕಿಂತ ಹೆಚ್ಚಿನ ನಷ್ಟವನ್ನುಂಟುಮಾಡುವ ಅಭ್ಯಾಸ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ರಸಾಯನಶಾಸ್ತ್ರದಲ್ಲಿಯೂ ಇದೇ ಕ್ರಮ ಫಲ ಕೊಟ್ಟಿತು. ಆಕ್ಸಾಲಿಕ್ ಆಮ್ಲವನ್ನು ಪೊಟ್ಯಾಸಿಯಂ ಪರ್ಮಾಂಗನೇಟಿನೊಂದಿಗೆ ಟೈಟ್ರೇಟ್ ಮಾಡುವಾಗ, ಅಂದರೆ ಒಂದಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಪ್ರಮಾಣ ಅಳೆಯುವಾಗ, ಸಲ್ಫ್ಯೂರಿಕ್ ಆಮ್ಲ ಬೆರೆಸಿದ ದ್ರಾವಣವನ್ನು ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿಕೊಂಡಿದ್ದರೂ, ಬ್ಯುರೆಟ್ಟಿನಿಂದ ಬಿದ್ದ ಮೊದಲ ಹನಿಗಳ ಬಣ್ಣ ನಿಧಾನವಾಗಿ ಮಾಯವಾಗುತ್ತದೆ, ಆಮೇಲಿನ ಹನಿಗಳದು ಬಿದ್ದ ಕೂಡಲೇ ಮಾಯವಾಗುತ್ತದೆ. ಕೋಷ್ಟಕದಲ್ಲಿ ಬ್ಯುರೆಟ್ಟಿನ ರೀಡಿಂಗಿಗೆ ಮಾತ್ರ ಜಾಗವಿರುವುದರಿಂದ ನಾನು ಈ ವ್ಯತ್ಯಾಸವನ್ನು ಅಂಚಿನಲ್ಲಿ ಬರೆದಿಟ್ಟುಕೊಂಡು, ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಆ ಕ್ರಿಯೆಗೆ ವೇಗವರ್ಧಕವಾಗುತ್ತವೆ ಎಂಬುದನ್ನು ಗ್ರಂಥಾಲಯದಲ್ಲಿ ಹುಡುಕಿ ತಿಳಿದೆ. ಮುಂದೆ ಸಸ್ಯಶರೀರಕ್ರಿಯಾಶಾಸ್ತ್ರದಲ್ಲಿ ಕಿಣ್ವಗಳ ಪಾಠ ಬಂದಾಗ ವೇಗವರ್ಧನೆ ನನಗೆ ಪರಿಚಿತ ಸಂಗತಿಯಾಗಿತ್ತು. ಮೂರು ವಿಷಯಗಳನ್ನು ಒಟ್ಟಿಗೆ ಓದುವುದರ ನಿಜವಾದ ಲಾಭ ಇದು. 2021ರಲ್ಲಿ ಬದಲಾಗಿದ್ದ ಪದವಿಯ ರಚನೆ 2024ರಲ್ಲಿ ಮತ್ತೆ ಮೂರು ವರ್ಷದ, ಮೂರು ವಿಷಯಗಳ ಪದ್ಧತಿಗೆ ಮರಳಿದ್ದನ್ನು ನಾನು ಸ್ವಾಗತಿಸಿದ್ದು ಈ ಕಾರಣದಿಂದಲೇ.

ಕನ್ನಡ ಮಾಧ್ಯಮದಿಂದ ಬಂದ ನನಗೆ ಈ ಕ್ರಮ ಇನ್ನೊಂದು ರೀತಿಯಲ್ಲೂ ನೆರವಾಯಿತು. ಕಣ್ಣಾರೆ ಕಂಡದ್ದನ್ನು ಮೊದಲು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಂಡು, ಆಮೇಲೆ ಇಂಗ್ಲಿಷ್ ಪಠ್ಯವನ್ನು ಓದಿದರೆ, ಅದು ಯಾವುದರ ಬಗ್ಗೆ ಹೇಳುತ್ತಿದೆ ಎಂಬುದು ಮೊದಲೇ ಗೊತ್ತಿರುತ್ತಿತ್ತು.

ಎಂಎಸ್ಸಿಯಲ್ಲಿ ಸಸ್ಯವರ್ಗೀಕರಣಕ್ಕೆ ಬಂದಾಗ ಸಾಲ್ಡಾನ ಮತ್ತು ನಿಕೋಲ್ಸನ್ ಅವರು 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಫ್ಲೋರಾ, ಅಂದರೆ ಅಲ್ಲಿನ ಗಿಡಗಳನ್ನು ವಿವರಿಸುವ ಗ್ರಂಥ, ನನ್ನ ಕೈಪಿಡಿಯಾಯಿತು. ನಮ್ಮ ಹೊಲದ ಬದುವಿನ ಗಿಡಗಳು ಶಾಸ್ತ್ರೀಯ ವಿವರಣೆಯೊಂದಿಗೆ ಅದರಲ್ಲಿದ್ದವು. ಗಿಡವನ್ನು ಗುರುತಿಸಲು ಫ್ಲೋರಾ ಕೊಡುವ ಕೀಗಳು ಹೆಜ್ಜೆಹೆಜ್ಜೆಗೂ ಎರಡೆರಡು ಆಯ್ಕೆಗಳನ್ನು ಮುಂದಿಡುತ್ತವೆ. ಸರಿಯಾದದ್ದನ್ನು ಆರಿಸಲು ಹೂವನ್ನು ಬಿಡಿಸಿ ನೋಡಲೇಬೇಕು. ತುಂಬೆ ಗಿಡಕ್ಕೂ ಲಂಟಾನಕ್ಕೂ ಚೌಕ ಕಾಂಡವಿದೆ, ಎದುರುಬದುರು ಎಲೆಗಳಿವೆ. ಆದರೆ ತುಂಬೆಯ ಬಿಳಿ ದಳವನ್ನು ಮೆಲ್ಲಗೆ ಕಿತ್ತು, ಸೂಜಿಯಿಂದ ಹೂವಿನ ಬುಡದ ಹಸಿರು ಪುಷ್ಪಪಾತ್ರೆಯನ್ನು ಸೀಳಿದರೆ, ನಾಲ್ಕು ಹಾಲೆಗಳ ಅಂಡಾಶಯದ ನಡುವಿನಿಂದ, ಅದರ ಬುಡದಿಂದಲೇ ಶಲಾಕೆ, ಅಂದರೆ ತುದಿಯಲ್ಲಿ ಪರಾಗವನ್ನು ಸ್ವೀಕರಿಸುವ ಸಪೂರ ಎಳೆ, ಮೇಲೇಳುವುದು ಕಾಣುತ್ತದೆ. ಲಂಟಾನದಲ್ಲಿ ಅದು ಅಂಡಾಶಯದ ತುದಿಯಿಂದ ಹೊರಡುತ್ತದೆ. ಎರಡು ಕುಟುಂಬಗಳನ್ನು ಬೇರ್ಪಡಿಸುವ ಈ ಲಕ್ಷಣವನ್ನು ಒಮ್ಮೆ ಕಂಡವರು ಮರೆಯಲಾರರು.

ಬಿಸಿಲೆ ಘಾಟಿಯ ಕಡೆ ಕ್ಷೇತ್ರ ಪ್ರವಾಸಕ್ಕೆ ಹೋದಾಗ ಒಣಗಿಸಿದ ಗಿಡವನ್ನು ಅಂಟಿಸಿಡುವ ಹರ್ಬೇರಿಯಂ ಹಾಳೆಯ ಲೇಬಲ್ಲಿಗೆ ಬೇಕಾದುದನ್ನೆಲ್ಲ ಗಿಡದ ಮುಂದೆ ನಿಂತೇ ಬರೆಯುವುದನ್ನು ರೂಢಿಸಿಕೊಂಡೆ. ಒತ್ತಿ ಒಣಗಿಸಿದ ಮೇಲೆ ಹೂವಿನ ಬಣ್ಣ ಮಾಸುತ್ತದೆ, ವಾಸನೆ ಹೋಗುತ್ತದೆ. ಅದು ಮರವೋ ಬಳ್ಳಿಯೋ, ತೊರೆಯ ಬದಿಯಲ್ಲಿತ್ತೋ ಬಂಡೆಯ ಮೇಲಿತ್ತೋ ಎಂಬುದನ್ನು ಒಂದು ರೆಂಬೆಯಿಂದ ಊಹಿಸುವುದು ಕಷ್ಟ. ಈಗ ನನ್ನ ವಿದ್ಯಾರ್ಥಿಗಳಿಂದಲೂ ಗಿಡವನ್ನು ಕೊಯ್ಯುವ ಮೊದಲೇ ಇವನ್ನೆಲ್ಲ ಬರೆಸುತ್ತೇನೆ.