ತಲೆಸುತ್ತು ಇರುವ ನಾನು ಪ್ರಯಾಣಕ್ಕೆ ಹೆಡ್‌ಫೋನ್ ಆರಿಸಿಕೊಂಡದ್ದು ಹೀಗೆ

ನನ್ನ ಊರು ಬೆಳ್ತಂಗಡಿ ಕಡೆ, ಕೆಲಸ ಬೆಂಗಳೂರಲ್ಲಿ. ಹಾಗಾಗಿ ಘಟ್ಟ ಹತ್ತುವುದು, ಇಳಿಯುವುದು ನನಗೆ ತಪ್ಪಿದ್ದಲ್ಲ. ಶಿರಾಡಿಯೋ ಚಾರ್ಮಾಡಿಯೋ, ಯಾವುದಾದರೂ ಒಂದು. ಚಿಕ್ಕವಳಿದ್ದಾಗಿನಿಂದ ಬಸ್ಸಿನಲ್ಲಿ ವಾಂತಿ ಬರುತ್ತಿತ್ತು. ಅಮ್ಮ ಕೈಗೊಂದು ನಿಂಬೆಹಣ್ಣು ಕೊಟ್ಟು ಕಿಟಕಿ ಪಕ್ಕ ಕೂರಿಸುತ್ತಿದ್ದಳು, ಹೇಗೋ ಊರು ಮುಟ್ಟುತ್ತಿದ್ದೆವು. ಆದರೆ ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೆ ನೋಡಿ, ಇಡೀ ಕೋಣೆ ಗಿರ್ರನೆ ತಿರುಗಿತು. ಕಿವಿ, ಮೂಗು, ಗಂಟಲಿನ ಡಾಕ್ಟರು ಪರೀಕ್ಷೆ ಮಾಡಿ, ಒಳಕಿವಿಯಲ್ಲಿರುವ ಕ್ಯಾಲ್ಸಿಯಂನ ಸಣ್ಣ ಹರಳುಗಳು ಜಾಗ ತಪ್ಪಿವೆ, ಇದಕ್ಕೆ ಬಿಪಿಪಿವಿ ಅನ್ನುತ್ತಾರೆ ಅಂದರು. ಮಂಚದ ಮೇಲೆ ಮಲಗಿಸಿ ತಲೆಯನ್ನು ಒಂದೊಂದು ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿಯುವ ಎಪ್ಲಿ ವಿಧಾನ ಮಾಡಿದರು. ಎರಡು ಸಲ ಮಾಡಿದ ಮೇಲೆ ಆ ಗಿರ್ರನೆ ತಿರುಗುವುದು ನಿಂತಿತು. ಆದರೆ ಪ್ರಯಾಣದಲ್ಲಿ ತಲೆ ತೇಲಿದ ಹಾಗಾಗುವುದು, ಒಂದೇ ಸಮನೆ ಸದ್ದು ಕೇಳಿದರೆ ಸುಸ್ತಾಗುವುದು ಮಾತ್ರ ಉಳಿದುಬಿಟ್ಟಿತು.

ಹೆಡ್‌ಫೋನ್ ಬೇಕು ಅನ್ನಿಸಿದ್ದು ಈ ಸದ್ದಿನಿಂದ. ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದರೆ ನಿಮಗೂ ಗೊತ್ತಿರುತ್ತದೆ, ಇಂಜಿನ್ನಿನ ಆ ಗುಂಯ್ ಅನ್ನುವ ಶಬ್ದ ಕಿವಿಗಿಂತ ಜಾಸ್ತಿ ತಲೆಬುರುಡೆಗೇ ಹತ್ತುತ್ತದೆ. ಆರೇಳು ಗಂಟೆ ಅದನ್ನು ತಡೆದುಕೊಂಡು ಇಳಿದಾಗ ನೆಲವೇ ಅಲುಗಾಡುತ್ತಿದೆ ಅನ್ನಿಸುತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ಹೆಡ್‌ಫೋನ್ ತಲೆಸುತ್ತನ್ನು ವಾಸಿ ಮಾಡುವುದಿಲ್ಲ. ನಮ್ಮ ಎರಡೂ ಒಳಕಿವಿಗಳಲ್ಲಿ ಮೂರು ಮೂರು ಬಾಗಿದ ನಾಳಗಳಿವೆ, ಅದರೊಳಗೆ ದ್ರವ ಇದೆ, ಬಸ್ಸು ತಿರುವಿನಲ್ಲಿ ತಿರುಗಿದಾಗ ಆ ದ್ರವ ಅಲುಗಾಡಿ ಮೆದುಳಿಗೆ ಸುದ್ದಿ ಹೋಗುತ್ತದೆ. ಕಣ್ಣು ಮಾತ್ರ ಮೊಬೈಲನ್ನೋ ಎದುರಿನ ಸೀಟನ್ನೋ ನೋಡುತ್ತಾ ಏನೂ ಅಲುಗಾಡುತ್ತಿಲ್ಲ ಅನ್ನುತ್ತದೆ. ಆ ಜಗಳವನ್ನು ಯಾವ ಹೆಡ್‌ಫೋನೂ ಬಿಡಿಸಲಾರದು. ಅದು ಮಾಡುವುದು ಇಷ್ಟೇ: ಸದ್ದಿನ ಸುಸ್ತನ್ನು ಕಮ್ಮಿ ಮಾಡುತ್ತದೆ. ನನಗೆ ಅಷ್ಟೇ ಸಾಕಿತ್ತು, ಆದರೆ ಅಷ್ಟಕ್ಕೂ ಸರಿಯಾದದ್ದು ಸಿಗಲು ಮೂರು ಸಲ ದುಡ್ಡು ಕೊಡಬೇಕಾಯಿತು.

ಮೊದಲು ತಗೊಂಡದ್ದು ಕಿವಿಯೊಳಗೆ ರಬ್ಬರಿನ ತುದಿ ತುರುಕುವ ಇಯರ್‌ಬಡ್. ಬೆಂಗಳೂರಿನ ಮೆಟ್ರೋದಲ್ಲಿ ಚೆನ್ನಾಗೇ ಇತ್ತು. ಶಿರಾಡಿಯಲ್ಲಿ ಕೈಕೊಟ್ಟಿತು. ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಗುಂಡ್ಯಕ್ಕೆ ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಎಲ್ಲರಿಗೂ ಕಿವಿ ಕಟ್ಟುತ್ತದೆ, ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ. ರಬ್ಬರು ಕಿವಿಯನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದರಿಂದ ನನಗೆ ಆ ಕಟ್ಟಿದ ಅನುಭವ ದುಪ್ಪಟ್ಟಾಯಿತು. ಮೇಲಿಂದ ನನ್ನ ಉಸಿರು, ನುಂಗುವ ಸದ್ದು ಎಲ್ಲಾ ತಲೆಯೊಳಗೇ ಕೇಳುತ್ತಿತ್ತು. ಮಾರನಹಳ್ಳಿ ದಾಟಿ ಸ್ವಲ್ಪ ಹೊತ್ತಿಗೆ ಬೆವರು ಶುರುವಾಯಿತು. ಕಿತ್ತು ಬ್ಯಾಗಿಗೆ ಹಾಕಿದೆ.

ಎರಡನೆಯದು ಇಡೀ ಕಿವಿ ಮುಚ್ಚುವ ದೊಡ್ಡದು, ನಾಯ್ಸ್ ಕ್ಯಾನ್ಸಲಿಂಗ್ ಇದ್ದದ್ದು, ದುಬಾರಿ. ಅಂಗಡಿಯಲ್ಲಿ ಐದು ನಿಮಿಷ ಹಾಕಿಕೊಂಡು ಹಾಡು ಎಷ್ಟು ಚೆನ್ನಾಗಿ ಕೇಳುತ್ತದೆ ಅಂತ ಖುಷಿಪಟ್ಟು ತಂದೆ. ಅದೇ ನನ್ನ ದೊಡ್ಡ ತಪ್ಪು. ಒಂದು ಗಂಟೆಯಲ್ಲಿ ಅದರ ಭಾರ ನೆತ್ತಿಯಲ್ಲಿ ಕೂತಿತು, ಮೆತ್ತೆಗಳು ಎರಡೂ ಕಡೆಯಿಂದ ಕನ್ನಡಕದ ಕಡ್ಡಿಯನ್ನು ಕಪಾಲಕ್ಕೆ ಒತ್ತಿದವು, ಮತ್ತು ನಾಯ್ಸ್ ಕ್ಯಾನ್ಸಲಿಂಗ್ ಹಾಕಿದ ಕೂಡಲೇ ನೀರಿನೊಳಗೆ ಮುಳುಗಿದ ಹಾಗೆ ಕಿವಿ ಮುಚ್ಚಿಕೊಳ್ಳುತ್ತಿತ್ತು.

ಈ ಕೊನೆಯದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತಲೆಸುತ್ತು ಇರುವವರಿಗೆ ಇಲ್ಲೇ ಎಡವಟ್ಟಾಗುವುದು. ಹೆಡ್‌ಫೋನಿನ ಸಣ್ಣ ಮೈಕುಗಳು ಹೊರಗಿನ ಸದ್ದನ್ನು ಕೇಳಿಸಿಕೊಂಡು ಅದಕ್ಕೆ ಸರಿಯಾಗಿ ಉಲ್ಟಾ ಇರುವ ಅಲೆಯನ್ನು ಕಿವಿಗೆ ಬಿಡುತ್ತವೆ, ಎರಡೂ ಸೇರಿ ಸದ್ದು ಕರಗುತ್ತದೆ. ಇಂಜಿನ್, ರೈಲು, ವಿಮಾನದ ಹಾಗೆ ತಗ್ಗಿನ, ಒಂದೇ ಸಮನಾದ ಸದ್ದಿಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಹಾರ್ನಿಗೂ ಪಕ್ಕದವರ ಮಾತಿಗೂ ಅಷ್ಟಲ್ಲ. ಕಿವಿಯೊಳಗೆ ನಿಜವಾಗಿ ಗಾಳಿಯ ಒತ್ತಡ ಏರುವುದಿಲ್ಲ. ಆದರೂ ಕೆಲವರಿಗೆ ಒತ್ತಿದ ಹಾಗೆ ಅನ್ನಿಸುತ್ತದೆ, ನಾನು ಆ ಕೆಲವರಲ್ಲಿ ಒಬ್ಬಳು. ಜೊತೆಗೆ ಬಸ್ಸು ಗುಂಡಿಗೆ ಇಳಿದಾಗಲೆಲ್ಲಾ ಆ ಹೆಡ್‌ಫೋನ್ ಒಳಗೆ ದಬ್ ಅಂತ ಒಂದು ಏಟು ಬಿದ್ದ ಹಾಗಾಗುತ್ತಿತ್ತು. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಎಷ್ಟು ಗುಂಡಿ ಅಂತ ಹೇಳಬೇಕಾ?

ಮೂರನೆಯ ಸಲ ಹುಡುಕುವಾಗ ಹಾಡಿನ ಗುಣಮಟ್ಟದ ಯೋಚನೆಯನ್ನೇ ಬದಿಗಿಟ್ಟೆ. ಮೊದಲು ನೋಡಿದ್ದು ತೂಕ. ಇದು ಕಂಪನಿಯವರೇ ಬರೆದಿರುವ ಅಂಕಿ, ಸುಲಭವಾಗಿ ಸಿಗುತ್ತದೆ, ಆದರೆ ಯಾರೂ ನೋಡುವುದಿಲ್ಲ. ಆಪಲ್‌ನ ಮೊದಲ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ, ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ, ಅದೇ ಕಂಪನಿಯ ಕಮ್ಮಿ ಬೆಲೆಯ ಡಬ್ಲ್ಯೂಎಚ್-ಸಿಎಚ್720ಎನ್ 192 ಗ್ರಾಂ. ಅಂದರೆ ದುಡ್ಡು ಜಾಸ್ತಿ ಕೊಟ್ಟರೆ ಹಗುರವಾಗುತ್ತದೆ ಅಂತ ಏನಿಲ್ಲ. ಇನ್ನೂರು ಗ್ರಾಂ ಆಚೀಚೆ ಇರುವುದನ್ನು ಮಾತ್ರ ನೋಡುವುದು ಅಂತ ತೀರ್ಮಾನ ಮಾಡಿದೆ. ಘಟ್ಟದ ತಿರುವಿನಲ್ಲಿ ತಲೆ ಒಂದು ಪಕ್ಕಕ್ಕೆ ವಾಲುತ್ತದೆ, ಅದನ್ನು ಕತ್ತು ಮತ್ತೆ ಎಳೆದು ನಿಲ್ಲಿಸಬೇಕು. ತಲೆಯ ಮೇಲೆ ಭಾರ ಇದ್ದಷ್ಟೂ ಆ ಕೆಲಸ ಜಾಸ್ತಿ. ನನಗಂತೂ ಕತ್ತು ಬಿಗಿದರೆ ತಲೆಸುತ್ತು ಹಿಂದೆಯೇ ಬರುತ್ತದೆ.

ಆಮೇಲೆ ಹಿಡಿತ. ಇದು ಕಾಗದದ ಮೇಲೆ ಸಿಗುವುದಿಲ್ಲ, ಹಾಕಿಕೊಂಡೇ ನೋಡಬೇಕು. ಅಂಗಡಿಗೆ ಕನ್ನಡಕ ಹಾಕಿಕೊಂಡು, ದಿನಾ ಹಾಕುವ ಓಲೆ ಹಾಕಿಕೊಂಡು ಹೋದೆ. ಒಂದೊಂದನ್ನೂ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಹಾಕಿಕೊಂಡು ಕೂತೆ, ಅಂಗಡಿಯ ಹುಡುಗ ಪಾಪ ಕುರ್ಚಿ ತಂದುಕೊಟ್ಟ. ಹಾಡು ಹಾಕಲೇ ಇಲ್ಲ. ಬಾಯಿ ಅಗಲ ತೆರೆದು ಆಕಳಿಸಿದೆ, ಚಾಕೊಲೇಟ್ ಅಗಿದೆ. ಕೆಲವು ಮೆತ್ತೆ ದವಡೆಯ ಕೀಲಿನ ಮೇಲೇ ಕೂರುತ್ತವೆ, ಅಗಿದಾಗ ಮಾತ್ರ ಗೊತ್ತಾಗುವುದು. ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿದೆ, ಮೇಲೆ ಕೆಳಗೆ ನೋಡಿದೆ. ಜಾರಿದರೆ ಬೇಡ, ಯಾಕೆಂದರೆ ಮತ್ತೆ ಮತ್ತೆ ಕೈ ಎತ್ತಿ ಸರಿ ಮಾಡುತ್ತಾ ತಲೆ ಅಲುಗಿಸುವುದು ನಮ್ಮಂಥವರಿಗೆ ಒಳ್ಳೆಯದಲ್ಲ. ತೆಗೆದ ಮೇಲೆ ಕನ್ನಡಕದ ಕಡ್ಡಿಯ ಗುರುತು ಕಿವಿಯ ಮೇಲೆ ಬಿದ್ದಿದ್ದರೆ ಅದೂ ಬೇಡ.

ಮೂರನೆಯದಾಗಿ ನೋಡಿದ್ದು ನಾಯ್ಸ್ ಕ್ಯಾನ್ಸಲಿಂಗನ್ನು ಹೆಚ್ಚು ಕಮ್ಮಿ ಮಾಡಲು ಆಗುತ್ತದಾ ಅಂತ. ಪೂರ್ತಿ ಹಾಕು ಇಲ್ಲವೇ ಪೂರ್ತಿ ತೆಗೆ ಅನ್ನುವಂಥದ್ದು ನನಗೆ ಆಗಿಬರಲ್ಲ. ಈಗ ಇರುವುದರಲ್ಲಿ ಹೊರಗಿನ ಸದ್ದನ್ನು ಎಷ್ಟು ಒಳಗೆ ಬಿಡಬೇಕು ಅಂತ ಹೊಂದಿಸಬಹುದು. ಬೆಂಗಳೂರಿನಿಂದ ಹಾಸನದವರೆಗೆ ನೆಟ್ಟಗಿನ ರಸ್ತೆಯಲ್ಲಿ ಅರ್ಧದಷ್ಟು ಹಾಕಿರುತ್ತೇನೆ. ಘಟ್ಟ ಶುರುವಾಗುವ ಮೊದಲು ಪೂರ್ತಿ ತೆಗೆದು ಹೊರಗಿನ ಸದ್ದು ಕೇಳುವ ಹಾಗೆ ಮಾಡಿಕೊಳ್ಳುತ್ತೇನೆ. ಬಸ್ಸು ಗೇರ್ ಬದಲಿಸಿದ್ದು, ಬ್ರೇಕ್ ಹಾಕಿದ್ದು ಕೇಳಿದರೆ ಮೈ ಮುಂದಿನ ತಿರುವಿಗೆ ತಯಾರಾಗಿರುತ್ತದೆ, ನನಗೆ ಇದರಿಂದ ತುಂಬಾ ಅನುಕೂಲ ಆಗಿದೆ. ಒಂದು ಗುಂಡಿ ಒತ್ತಿದರೆ ಸಾಕು ಅನ್ನುವಂತಿರಬೇಕು. ಬೆರಳು ಸವರಿ ಬದಲಿಸುವ ಬಗೆಯದ್ದಾದರೆ ಕಿಟಕಿಗೆ ಒರಗಿದಾಗ ತಾನಾಗೇ ಏನೇನೋ ಆಗುತ್ತದೆ.

ಇನ್ನೊಂದು ವಿಷಯ ಸಣ್ಣದು, ಆದರೆ ತಿಳಿಯಲು ಎರಡು ಪ್ರಯಾಣ ಹಾಳಾದವು. ಈಗಿನ ಕೆಲವು ಹೆಡ್‌ಫೋನ್‌ಗಳಲ್ಲಿ ನೀವು ತಲೆ ತಿರುಗಿಸಿದರೆ ಹಾಡು ಬರುವ ದಿಕ್ಕೂ ಬದಲಾಗುವ ವ್ಯವಸ್ಥೆ ಇರುತ್ತದೆ, ಸ್ಪೇಷಿಯಲ್ ಆಡಿಯೋ, ಹೆಡ್ ಟ್ರ್ಯಾಕಿಂಗ್ ಅಂತೆಲ್ಲಾ ಹೆಸರು. ಗೆಳತಿಯಿಂದ ತಂದದ್ದರಲ್ಲಿ ಇದು ಇತ್ತು. ಬಸ್ಸು ತಿರುಗಿದಾಗ ಹಾಡು ಕೂಡ ಪಕ್ಕಕ್ಕೆ ಜಾರುವುದು, ಮತ್ತೆ ನಿಧಾನಕ್ಕೆ ನಡುವಿಗೆ ಬರುವುದು. ಯಾಕೆ ಹೀಗೆ ಹೊಟ್ಟೆ ತೊಳಸುತ್ತಿದೆ ಅಂತ ಗೊತ್ತಾಗದೆ ಒದ್ದಾಡಿದೆ. ನಿಮ್ಮದರಲ್ಲಿದ್ದರೆ ಹೊರಡುವ ಮೊದಲೇ ಆಫ್ ಮಾಡಿ.

ಮೂಳೆಯ ಮೂಲಕ ಕೇಳಿಸುವ ಬೋನ್ ಕಂಡಕ್ಷನ್ ಬಗೆಯದ್ದನ್ನೂ ಹಾಕಿ ನೋಡಿದೆ. ಕಿವಿ ಪೂರ್ತಿ ತೆರೆದಿರುತ್ತದೆ, ಮೂವತ್ತು ಗ್ರಾಂ ಕೂಡ ಇರುವುದಿಲ್ಲ, ಒತ್ತಡದ ಮಾತೇ ಇಲ್ಲ. ಕೆಲವರಿಗೆ ಇದೇ ಸರಿ ಹೋಗಬಹುದು. ಬಸ್ಸಿನ ಸದ್ದನ್ನು ಇದು ತಡೆಯುವುದಿಲ್ಲ, ಅದಕ್ಕೆ ವಾಲ್ಯೂಮ್ ಏರಿಸಬೇಕಾಯಿತು, ಏರಿಸಿದರೆ ಕೆನ್ನೆಯ ಮೂಳೆ ಜುಂಯ್ ಅನ್ನುತ್ತಿತ್ತು. ನನಗೆ ಬೇಡ ಅನ್ನಿಸಿತು.

ಈಗ ಇಟ್ಟುಕೊಂಡಿರುವ ಹೆಡ್‌ಫೋನಿನ ಹೆಸರು ಹೇಳುವುದಿಲ್ಲ, ನನ್ನ ತಲೆಗೆ ಕೂತದ್ದು ನಿಮ್ಮದಕ್ಕೆ ಕೂರಬೇಕೆಂದಿಲ್ಲ. ಅದನ್ನು ತಂದ ಮೇಲೂ ನೇರ ಘಟ್ಟಕ್ಕೆ ಹೋಗಲಿಲ್ಲ. ಮೊದಲು ಮನೆಯಲ್ಲಿ ಒಂದು ಗಂಟೆ ಕೂತು ನೋಡಿದೆ, ಆಮೇಲೆ ಮೆಟ್ರೋ, ಆಮೇಲೆ ಮೈಸೂರಿಗೆ ಒಂದು ಬಸ್ ಪ್ರಯಾಣ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಇದೆಲ್ಲಾ ಮಾಡಿ ಮುಗಿಸಿದೆ. ನಿಂತ ಜಾಗದಲ್ಲೇ ಕಿರಿಕಿರಿ ಮಾಡುವುದು ಓಡುವ ಬಸ್ಸಿನಲ್ಲಿ ಸುಮ್ನೆ ಸರಿಹೋಗಲ್ಲ.

ಪ್ರಯಾಣದಲ್ಲಿ ಕೇಳುವುದು ಹೆಚ್ಚಾಗಿ ತಾಳಮದ್ದಳೆ. ಒಳ್ಳೆಯ ಅರ್ಥಗಾರಿಕೆ ಸಿಕ್ಕಿದರೆ ತಿರುವು ಎಷ್ಟು ದಾಟಿತು ಅಂತಲೇ ಗೊತ್ತಾಗುವುದಿಲ್ಲ, ಕಣ್ಣು ದೂರದ ಬೆಟ್ಟದ ಮೇಲೆ ಇಡಬಹುದು, ವೀಡಿಯೋ ನೋಡುವ ಆಸೆಯೂ ಇಲ್ಲ. ಪದ ಬಂದಾಗ ಚೆಂಡೆಯ ಪೆಟ್ಟು ಇದ್ದಕ್ಕಿದ್ದ ಹಾಗೆ ಬೀಳುತ್ತದೆ, ಅದಕ್ಕೇ ವಾಲ್ಯೂಮ್ ಮೊದಲೇ ತಗ್ಗಿಸಿರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಹೊರಗಿನ ಗದ್ದಲ ಸ್ವಲ್ಪ ಕರಗಿದರೆ ಅದರ ಎಷ್ಟೋ ಕೆಳಗೇ ಸಾಕಾಗುತ್ತದೆ.

ನಿಮಗೆ ಜೋರು ಸದ್ದು ಕೇಳಿದ ಕೂಡಲೇ ನೋಡುತ್ತಿರುವುದು ಅಲುಗಾಡುತ್ತದಾ? ನಿಮ್ಮದೇ ದನಿ, ನಾಡಿಯ ಬಡಿತ ಕಿವಿಯೊಳಗೆ ಜೋರಾಗಿ ಕೇಳುತ್ತದಾ? ಹಾಗಿದ್ದರೆ ಹೆಡ್‌ಫೋನ್ ಹುಡುಕುವುದನ್ನು ನಿಲ್ಲಿಸಿ ಕಿವಿಯ ಡಾಕ್ಟರ ಹತ್ತಿರ ಹೋಗಿ. ಒಳಕಿವಿಯ ಒಂದು ನಾಳದ ಮೇಲಿನ ಮೂಳೆಯಲ್ಲಿ ಕಿಂಡಿ ಬಿದ್ದರೆ ಹೀಗಾಗುತ್ತದೆ, 1998ರಲ್ಲಿ ಲಾಯ್ಡ್ ಮೈನರ್ ಮತ್ತು ಜೊತೆಗಾರರು ಇದನ್ನು ಗುರುತಿಸಿ ಬರೆದರು. ಒಂದೇ ಕಿವಿ ಮಂದವಾಗುತ್ತಿದ್ದರೂ ಅಷ್ಟೇ, ಕಾಯಬೇಡಿ.

ಹೋದ ತಿಂಗಳು ಊರಿಗೆ ಹೋದಾಗ ಅಮ್ಮನಿಗೂ ಇದನ್ನು ಹಾಕಿ ನೋಡಿದೆ, ಅವಳಿಗೂ ಈಚೆಗೆ ಬಸ್ಸಿನಲ್ಲಿ ತಲೆ ತಿರುಗುತ್ತದೆ. ಎರಡೇ ನಿಮಿಷ. "ಬೆಂಡೋಲೆ ಒತ್ತುತ್ತದೆ ಮಾರಾಯ್ತಿ, ತೆಗಿ ಇದನ್ನು" ಅಂದಳು. ಬೆಂಡೋಲೆ ಬಿಚ್ಚು ಅಂದರೆ ಒಪ್ಪುವವಳಲ್ಲ. ಹಾಗಾಗಿ ಈಗ ಮೆತ್ತೆಯ ಒಳಗಿನ ಗುಳಿ ಜಾಸ್ತಿ ಆಳ ಇರುವಂಥದ್ದನ್ನು ಹುಡುಕುತ್ತಿದ್ದೇನೆ. ದೀಪಾವಳಿಗೆ ಅವಳು ಬೆಂಗಳೂರಿಗೆ ಬಂದಾಗ ಅಂಗಡಿಗೆ ಕರೆದುಕೊಂಡು ಹೋಗಿ, ಬೆಂಡೋಲೆ ಸಮೇತ ಕೂರಿಸಿ, ಇಪ್ಪತ್ತು ನಿಮಿಷ ಹಾಕಿಸಿಯೇ ನೋಡಬೇಕು.