ಬಾಂದೋಲ್ ಕೆಂಪು ವೈನಿಗೆ ಜೊತೆ ಏನು?

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ಗೆ ಹೋದವರು ಅಲ್ಲಿನ ಬಾಂದೋಲ್ ಊರಿನ ಕೆಂಪು ವೈನ್ ಕೊಳ್ಳುವಾಗ ಬಾಟಲಿಯ ಮೇಲಿನ ವರ್ಷವನ್ನು ಮೊದಲು ನೋಡಿ. ಕನಿಷ್ಠ ಅರ್ಧದಷ್ಟು ಮೂರ್‌ವೆದ್ರ್ ದ್ರಾಕ್ಷಿ ಇರಲೇಬೇಕು, ಮರದ ಪೀಪಾಯಿಯಲ್ಲಿ 18 ತಿಂಗಳು ಕಳೆಯಲೇಬೇಕು ಎಂಬುದು ಅಲ್ಲಿನ ನಿಯಮ. ಅಷ್ಟಾದರೂ ಹೊಸ ಬಾಟಲಿಯ ಒಗರು ಹಸಿ ಅಡಿಕೆ ಜಗಿದಂತೆ ನಾಲಿಗೆಯನ್ನು ಹಿಡಿಯುತ್ತದೆ. ಏಳೆಂಟು ವರ್ಷ ಹಳೆಯದು ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಅಗಲವಾದ ಹೂಜಿಗೆ ಸುರಿದು ಒಂದೆರಡು ಗಂಟೆ ಗಾಳಿಯಾಡಲು ಬಿಡಿ.

ಜೊತೆಗೆ ಬೆಳ್ಳುಳ್ಳಿ, ರೋಸ್‌ಮೆರಿ ಸವರಿ ಸುಟ್ಟ ಕುರಿಮರಿಯ ತೊಡೆಯೇ ನನ್ನ ಆಯ್ಕೆ. ಮಾಂಸದ ಕೊಬ್ಬು ಒಗರನ್ನು ಮೆದುವಾಗಿಸುತ್ತದೆ. ವೈನಿನಲ್ಲೇ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸದ ದೋಬ್ ಕೂಡ ಹೊಂದುತ್ತದೆ. ಸಸ್ಯಾಹಾರಿಗಳು ಕಪ್ಪು ಆಲಿವ್ ಹಾಕಿ ಹುರಿದ ಅಣಬೆ ತಿನ್ನಬಹುದು. ಮೀನಿಗೆ ಬೇಡ, ಅದಕ್ಕೆ ಅದೇ ಊರಿನ ರೋಸೆ, ಅಂದರೆ ನಸುಗೆಂಪು ವೈನ್, ಇದೆ. ಖಾರದ ಅಡುಗೆಯ ಜೊತೆಯಂತೂ ಬೇಡವೇ ಬೇಡ. ಊಟವೂ ಕೆಡುತ್ತದೆ, ವೈನೂ ಕೆಡುತ್ತದೆ.